ಮೆಟ್ಟಿಲು ಹತ್ತುವಾಗ ಏದುಸಿರೇ? ಹೃದಯದ ಕವಾಟಗಳ ಬಗ್ಗೆ ತಿಳಿಯೋಣ

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ನಮ್ಮ ಹಾಸನ ಜಿಲ್ಲೆಯ ಹೆಸರು ದಿನವೂ ಟಿವಿಯಲ್ಲಿ ಬರುತ್ತಿತ್ತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಹರೆಯದವರೂ ಇದ್ದಾರೆ ಎಂಬ ಸುದ್ದಿ ಎಲ್ಲರನ್ನೂ ಹೆದರಿಸಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗಿನಿಂದಲೇ ಸಾಲು ನಿಂತರು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಹಾಸನದಲ್ಲಿ ಹೃದಯದ ಸಾವುಗಳು ಅಸಹಜವಾಗಿ ಹೆಚ್ಚಿಲ್ಲ, ತೀರಿಕೊಂಡವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ಬಿ.ಪಿ., ಧೂಮಪಾನದಂಥ ಕಾರಣಗಳು ಇದ್ದವು ಎಂದು ಜುಲೈನಲ್ಲಿ ವರದಿ ಬಂತು.

ಆ ದಿನಗಳಲ್ಲಿ ನಮ್ಮ ಕ್ಲಾಸಿನಲ್ಲೂ ಇದೇ ಮಾತು. ಬೂವನಹಳ್ಳಿ ಕಡೆಯಿಂದ ಬರುವ ಬಸ್ಸಿನಲ್ಲೂ ಇದೇ ಮಾತು. ಆದರೆ ಹೃದಯದ ಕಾಯಿಲೆ ಎಂದರೆ ಹೃದಯಾಘಾತ ಒಂದೇ ಅಲ್ಲ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಅದು ಹೆಚ್ಚಾಗಿ ನಮಗಿಂತ ದೊಡ್ಡ ವಯಸ್ಸಿನವರ ತೊಂದರೆ. ನಮ್ಮ ವಯಸ್ಸಿನಲ್ಲಿ, ಅದಕ್ಕೂ ಚಿಕ್ಕ ವಯಸ್ಸಿನಲ್ಲಿ ಶುರುವಾಗಿ ಸದ್ದಿಲ್ಲದೆ ಬೆಳೆಯುವ ಇನ್ನೊಂದು ತೊಂದರೆ ಇದೆ. ಅದು ಹೃದಯದ ಕವಾಟದ ಕಾಯಿಲೆ. ನನ್ನ ಖಾಲಾ ಅವರಿಗೆ ಇದೇ ಕಾಯಿಲೆ ಇರುವುದರಿಂದ ನಮ್ಮ ಮನೆಯಲ್ಲಿ ಎಲ್ಲರೂ ಇದರ ಬಗ್ಗೆ ಕಲಿಯಬೇಕಾಯಿತು. ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಕವಾಟ ಏನು ಮಾಡುತ್ತದೆ?

ಬಾವಿಗೆ ಮೋಟರ್ ಇಟ್ಟ ಮನೆಯವರಿಗೆ ಫುಟ್‌ವಾಲ್ವ್ ಗೊತ್ತಿರುತ್ತದೆ. ಅದು ನೀರನ್ನು ಮೇಲಕ್ಕೆ ಬಿಡುತ್ತದೆ, ಮೋಟರ್ ನಿಲ್ಲಿಸಿದಾಗ ಪೈಪಿನ ನೀರು ಕೆಳಗೆ ಇಳಿಯಲು ಬಿಡುವುದಿಲ್ಲ. ಅದು ಸವೆದರೆ ನೀರು ಸೋರಿ ಹೋಗಿ, ಮತ್ತೆ ಪೈಪಿಗೆ ನೀರು ತುಂಬಿಸುವವರೆಗೆ ಮೋಟರ್ ಎಳೆಯುವುದಿಲ್ಲ. ಕಸ ಸಿಕ್ಕಿಕೊಂಡು ಪೂರ್ತಿ ತೆರೆಯದೇ ಹೋದರೆ ಮೋಟರ್ ಎಷ್ಟು ಓಡಿದರೂ ನೀರು ಸಣ್ಣಗೆ ಬರುತ್ತದೆ.

ನಮ್ಮ ಹೃದಯದಲ್ಲಿ ಇಂಥ ನಾಲ್ಕು ಕವಾಟಗಳಿವೆ. ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನಾವು ಓದಿದ್ದೇವೆ: ಬಲಗಡೆ ಹೃತ್ಕರ್ಣ ಮತ್ತು ಹೃತ್ಕುಕ್ಷಿಯ ನಡುವೆ ಟ್ರೈಕಸ್ಪಿಡ್, ಎಡಗಡೆ ಮೈಟ್ರಲ್, ಶ್ವಾಸಕೋಶಕ್ಕೆ ರಕ್ತ ಹೋಗುವ ಬಾಗಿಲಲ್ಲಿ ಪಲ್ಮನರಿ, ಇಡೀ ದೇಹಕ್ಕೆ ಹೋಗುವ ಮಹಾಪಧಮನಿಯ ಬಾಗಿಲಲ್ಲಿ ಅಯೋರ್ಟಿಕ್. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಈ ಬಾಗಿಲುಗಳನ್ನು ದಾಟುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇವು ತೆರೆದು ಮುಚ್ಚುತ್ತವೆ. ಡಾಕ್ಟರ್ ಎದೆಗೆ ಸ್ಟೆಥೊಸ್ಕೋಪ್ ಇಟ್ಟಾಗ ಕೇಳುವ ‘ಲಬ್-ಡಬ್’ ಈ ಕವಾಟಗಳು ಮುಚ್ಚುವ ಸದ್ದು. ಮೊದಲನೆಯದು ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಮುಚ್ಚಿದ್ದು, ಎರಡನೆಯದು ಉಳಿದ ಎರಡು ಮುಚ್ಚಿದ್ದು.

ಕವಾಟಕ್ಕೆ ಬರುವ ತೊಂದರೆ ಮುಖ್ಯವಾಗಿ ಎರಡು ಬಗೆ. ಒಂದು, ಅದು ದಪ್ಪವಾಗಿ, ಅಂಟಿಕೊಂಡು, ದಾರಿ ಕಿರಿದಾಗುವುದು. ಇದಕ್ಕೆ ಸ್ಟೆನೋಸಿಸ್ ಎನ್ನುತ್ತಾರೆ. ಇನ್ನೊಂದು, ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುವುದು. ಇದಕ್ಕೆ ರಿಗರ್ಜಿಟೇಷನ್ ಎನ್ನುತ್ತಾರೆ. ಒಬ್ಬರಲ್ಲೇ ಎರಡೂ ಇರಬಹುದು. ಆರೋಗ್ಯವಂತರ ಮೈಟ್ರಲ್ ಕವಾಟ ತೆರೆದಾಗ ದಾರಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಅದು 1.5ಕ್ಕಿಂತ ಕಡಿಮೆಯಾದರೆ ತೀವ್ರ ಎಂದು ಲೆಕ್ಕ.

ಲಕ್ಷಣಗಳು ಏಕೆ ಬರುತ್ತವೆ?

ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಅವು ಬರುವ ದಾರಿ ಗೊತ್ತಿದ್ದರೆ ನೆನಪಿನಲ್ಲಿ ಉಳಿಯುತ್ತದೆ.

ಏದುಸಿರು: ಮೈಟ್ರಲ್ ಕವಾಟ ಕಿರಿದಾದರೆ ರಕ್ತ ಮುಂದೆ ಹೋಗಲಾಗದೆ ಹಿಂದೆ ನಿಲ್ಲುತ್ತದೆ. ಹಿಂದೆ ಇರುವುದು ಶ್ವಾಸಕೋಶ. ಅಲ್ಲಿ ಒತ್ತಡ ಹೆಚ್ಚಿದಾಗ ಉಸಿರಾಟ ಕಷ್ಟವಾಗುತ್ತದೆ. ಮೊದಲು ಮೆಟ್ಟಿಲು ಹತ್ತುವಾಗ, ಭಾರ ಹೊತ್ತಾಗ ಮಾತ್ರ. ಆಮೇಲೆ ಸಮತಟ್ಟಾದ ದಾರಿಯಲ್ಲಿ ನಡೆದರೂ ಬರುತ್ತದೆ.

ಅಂಗಾತ ಮಲಗಲಾಗದಿರುವುದು: ಮಲಗಿದಾಗ ಕಾಲಿನ ಕಡೆಯ ರಕ್ತವೂ ಎದೆಗೆ ಬಂದು ಸೇರುತ್ತದೆ. ಅದಕ್ಕೇ ಕೆಲವರಿಗೆ ಎರಡು ಮೂರು ದಿಂಬು ಬೇಕಾಗುತ್ತದೆ. ಕೆಲವರು ನಡುರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕಿಟಕಿ ಹತ್ತಿರ ಕೂರುತ್ತಾರೆ. ಮಲಗಿದಾಗ ಕೆಮ್ಮು ಜಾಸ್ತಿಯಾಗಬಹುದು. ಕಫದಲ್ಲಿ ರಕ್ತದ ಎಳೆಯೂ ಕಾಣಬಹುದು.

ಎದೆಬಡಿತ: ಹೃತ್ಕರ್ಣ ಹಿಗ್ಗಿದಾಗ ಅದರ ತಾಳ ತಪ್ಪುತ್ತದೆ. ಬಡಿತ ಒಮ್ಮೆ ಜೋರು, ಒಮ್ಮೆ ನಿಧಾನ ಎನಿಸುತ್ತದೆ. ತಾಳ ತಪ್ಪಿದ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಚಿಕ್ಕ ವಯಸ್ಸಿನವರಿಗೆ ಲಕ್ವ ಹೊಡೆದಾಗ ಹೃದಯವನ್ನೂ ಪರೀಕ್ಷೆ ಮಾಡುವುದು ಇದಕ್ಕೇ.

ತಲೆಸುತ್ತು, ಮೂರ್ಛೆ: ಅಯೋರ್ಟಿಕ್ ಕವಾಟ ಬಹಳ ಕಿರಿದಾಗಿದ್ದರೆ ಓಡುವಾಗ, ಕಬಡ್ಡಿ ಆಡುವಾಗ ಮೆದುಳಿಗೆ ಬೇಕಾದಷ್ಟು ರಕ್ತ ಹೋಗುವುದಿಲ್ಲ. ಎದೆನೋವೂ ಬರಬಹುದು. ಬಿಸಿಲಲ್ಲಿ ಪ್ರಾರ್ಥನೆಗೆ ನಿಂತು ತಲೆಸುತ್ತುವುದು ಬೇರೆ, ಆಟದ ಮಧ್ಯೆ ಏಕಾಏಕಿ ಬೀಳುವುದು ಬೇರೆ. ಎರಡನೆಯದನ್ನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳಬಾರದು.

ಕಾಲೂತ ಮತ್ತು ಸುಸ್ತು: ಒತ್ತಡ ಬಲಗಡೆಗೂ ಹಬ್ಬಿದಾಗ ಪಾದ, ಹರಡು ಊದುತ್ತವೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಹೊಟ್ಟೆ ಉಬ್ಬರಿಸಬಹುದು. ದೇಹಕ್ಕೆ ಸಾಕಷ್ಟು ರಕ್ತ ಹೋಗದೆ ಸದಾ ಸುಸ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ಲಕ್ಷಣಗಳಲ್ಲಿ ಒಂದೂ ಕವಾಟಕ್ಕೆ ಮಾತ್ರ ಸೇರಿದ್ದಲ್ಲ. ರಕ್ತಹೀನತೆಯಿಂದ ಸುಸ್ತು ಮತ್ತು ಏದುಸಿರು ಬರುತ್ತದೆ. ಥೈರಾಯ್ಡ್ ಜಾಸ್ತಿಯಾದರೆ ಎದೆ ಬಡಿದುಕೊಳ್ಳುತ್ತದೆ. ಆಸ್ತಮಾ ಇದ್ದರೆ ರಾತ್ರಿ ಕೆಮ್ಮು ಬರುತ್ತದೆ. ಪರೀಕ್ಷೆಯ ಹಿಂದಿನ ದಿನ ಗಾಬರಿಯಿಂದ ನಮ್ಮೆಲ್ಲರ ಎದೆಯೂ ಹೊಡೆದುಕೊಳ್ಳುತ್ತದೆ. ಹಾಗಾಗಿ ಇದನ್ನು ಓದಿ ನಮಗೆ ನಾವೇ ಕಾಯಿಲೆ ಹಚ್ಚಿಕೊಳ್ಳುವುದು ಬೇಡ. ಕವಾಟದ ತೊಂದರೆ ಇದ್ದೂ ಹಲವು ವರ್ಷ ಯಾವ ಲಕ್ಷಣವೂ ಇಲ್ಲದವರೂ ಇದ್ದಾರೆ. ಲಕ್ಷಣ ಇದ್ದರೆ ಪರೀಕ್ಷೆ ಮಾಡಿಸಬೇಕು. ಏನು ಎಂದು ನಿರ್ಧರಿಸುವುದು ಡಾಕ್ಟರ ಕೆಲಸ.

ಗಂಟಲಿನಿಂದ ಹೃದಯಕ್ಕೆ

ಕವಾಟದ ತೊಂದರೆ ಹುಟ್ಟಿನಿಂದಲೇ ಇರಬಹುದು. ಮೂರು ಎಸಳು ಇರಬೇಕಾದ ಅಯೋರ್ಟಿಕ್ ಕವಾಟ ನೂರರಲ್ಲಿ ಒಬ್ಬಿಬ್ಬರಿಗೆ ಎರಡೇ ಎಸಳಿನದಾಗಿರುತ್ತದೆ. ವಯಸ್ಸಾದವರಲ್ಲಿ ಕವಾಟಕ್ಕೆ ಸುಣ್ಣದಂಶ ಕಟ್ಟಿ ಗಟ್ಟಿಯಾಗುತ್ತದೆ. ಆದರೆ ನಮ್ಮ ದೇಶದಲ್ಲಿ ಮಕ್ಕಳು ಮತ್ತು ಹರೆಯದವರಲ್ಲಿ ಕವಾಟ ಕೆಡಲು ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಅದು ಶುರುವಾಗುವುದು ಗಂಟಲು ನೋವಿನಿಂದ.

ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ಸೋಂಕು ತರುತ್ತದೆ. ಅದರ ವಿರುದ್ಧ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನ್ ನಮ್ಮ ಹೃದಯದ ಪ್ರೋಟೀನನ್ನು ಹೋಲುವುದರಿಂದ, ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕವಾಟ ಮತ್ತು ಕೀಲುಗಳ ಮೇಲೆ ದಾಳಿ ಮಾಡುತ್ತದೆ. ಗಂಟಲು ನೋವು ವಾಸಿಯಾಗಿ ಎರಡರಿಂದ ನಾಲ್ಕು ವಾರಗಳ ಮೇಲೆ ಜ್ವರ, ಕೀಲುನೋವು ಬರುತ್ತದೆ. 5ರಿಂದ 15 ವರ್ಷದವರಲ್ಲಿ ಇದು ಹೆಚ್ಚು. ಒಂದೇ ಕೋಣೆಯಲ್ಲಿ ಹಲವರು ಮಲಗುವ ಇಕ್ಕಟ್ಟಾದ ಮನೆಗಳಲ್ಲಿ ಸೋಂಕು ಬೇಗ ಹರಡುತ್ತದೆ.

ಈ ಕೀಲುನೋವಿಗೆ ಒಂದು ಗುರುತು ಇದೆ. ಅದು ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುತ್ತದೆ. ಇವತ್ತು ಮಂಡಿ ಊದಿ ಬಿಸಿಯಾಗಿದ್ದರೆ ನಾಲ್ಕು ದಿನದಲ್ಲಿ ಅದು ಇಳಿದು ಹರಡಿಗೋ ಮೊಣಕೈಗೋ ಬರುತ್ತದೆ. ಬೆಳೆಯುವ ಮಕ್ಕಳಿಗೆ ರಾತ್ರಿ ಕಾಲು ನೋಯುವುದು ಸಾಮಾನ್ಯ. ಆದರೆ ಅದರಲ್ಲಿ ಕೀಲು ಊದುವುದಿಲ್ಲ, ಬೆಳಿಗ್ಗೆ ಮಗು ಆರಾಮವಾಗಿ ಓಡಾಡುತ್ತದೆ. ಕೆಲವು ಮಕ್ಕಳಲ್ಲಿ ಕೈ, ಮುಖ ತಾವಾಗಿಯೇ ಅದುರುತ್ತವೆ, ಅಕ್ಷರ ಹಾಳಾಗುತ್ತದೆ, ಕೈಯಲ್ಲಿದ್ದ ಲೋಟ ಬೀಳುತ್ತದೆ. ಕೊರಿಯಾ ಎಂಬ ಹೆಸರಿನ ಇದೂ ರುಮ್ಯಾಟಿಕ್ ಜ್ವರದ್ದೇ ಲಕ್ಷಣ. ಚೇಷ್ಟೆ ಎಂದು ಮಕ್ಕಳನ್ನು ಬೈಯುವವರಿದ್ದಾರೆ.

ಕೀಲು ಪೂರ್ತಿ ಸರಿಹೋಗುತ್ತದೆ. ಹೃದಯದ ಕವಾಟದಲ್ಲಿ ಮಾತ್ರ ಗಾಯದ ಕಲೆ ಉಳಿಯಬಹುದು. ಪ್ರತಿ ಸಲ ಜ್ವರ ಮರಳಿದಾಗಲೂ ಆ ಕಲೆ ಹೆಚ್ಚುತ್ತದೆ. ಸ್ಟ್ರೆಪ್ಟೊಕಾಕಸ್ ಗಂಟಲು ನೋವಿಗೆ 9 ದಿನಗಳೊಳಗೆ ಸರಿಯಾದ ಆ್ಯಂಟಿಬಯೋಟಿಕ್ ಶುರು ಮಾಡಿದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಎಲ್ಲಾ ಗಂಟಲು ನೋವಿಗೂ ಆ್ಯಂಟಿಬಯೋಟಿಕ್ ಬೇಡ, ಶೀತ ಕೆಮ್ಮಿನ ಜೊತೆ ಬರುವುದು ಹೆಚ್ಚಾಗಿ ವೈರಸ್‌ನದು. ಕೆಮ್ಮಿಲ್ಲದೆ ಜೋರು ಜ್ವರ, ನುಂಗಲಾಗದ ನೋವು, ಕುತ್ತಿಗೆಯಲ್ಲಿ ಗಡ್ಡೆ ಇದ್ದರೆ ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ತೆಗೆದುಕೊಂಡು ಸುಮ್ಮನಾಗದೆ ಡಾಕ್ಟರಿಗೆ ತೋರಿಸಬೇಕು. ಬರೆದುಕೊಟ್ಟಷ್ಟೂ ದಿನ ಔಷಧಿ ತೆಗೆದುಕೊಳ್ಳಬೇಕು.

ನಮ್ಮ ಖಾಲಾ ವಿಷಯ

ಖಾಲಾ ಮದುವೆಯಾಗಿ ಅರಕಲಗೂಡು ಕಡೆ ಹೋದವರು. ಕೊಡ ಹೊತ್ತು ಬಂದರೆ ಕಟ್ಟೆಯ ಮೇಲೆ ಐದು ನಿಮಿಷ ಕೂರುತ್ತಿದ್ದರು. ‘ರಕ್ತ ಕಡಿಮೆ’ ಎಂದು ಎಲ್ಲರೂ ಹೇಳಿದರು. ಒಂದು ಕ್ಲಿನಿಕ್‌ನಲ್ಲಿ ಟಾನಿಕ್ ಕೊಟ್ಟರು. ಎರಡು ವರ್ಷ ಹಾಗೇ ನಡೆಯಿತು. ಎರಡನೇ ಬಸುರಿನ ಆರನೇ ತಿಂಗಳಲ್ಲಿ ಮಲಗಲು ಆಗದೆ ರಾತ್ರಿಯೆಲ್ಲಾ ಗೋಡೆಗೆ ಒರಗಿ ಕೂರುವಂತಾಯಿತು. ಬಸುರಿ ಹೆಂಗಸಿಗೆ ಉಸಿರು ಹತ್ತುವುದು ಸಹಜ ಎಂದು ಮನೆಯವರು ಸಮಾಧಾನ ಮಾಡಿಕೊಂಡಿದ್ದರು.

ತಪಾಸಣೆಗೆ ಹೋದಾಗ ಒಬ್ಬ ಲೇಡಿ ಡಾಕ್ಟರ್ ಎದೆಗೆ ಸ್ಟೆಥೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರಂತೆ. ಆಮೇಲೆ ನಾನಿಯನ್ನು ಕರೆದು, ‘ಚಿಕ್ಕವಳಿದ್ದಾಗ ಇವಳಿಗೆ ಮಂಡಿ ಊದಿತ್ತಾ ಅಮ್ಮ?’ ಎಂದು ಕೇಳಿದರು. ಐದನೇ ಕ್ಲಾಸಿನಲ್ಲಿದ್ದಾಗ ಒಂದು ತಿಂಗಳು ಶಾಲೆಗೆ ಹೋಗಿರಲಿಲ್ಲ, ಮಂಡಿಗೆ ಎಣ್ಣೆ ತಿಕ್ಕಿ ವಾಸಿ ಮಾಡಿದೆವು ಎಂದು ನಾನಿಗೆ ಆಗ ನೆನಪಾಯಿತು. ಎಕೋ ಮಾಡಿಸಿದಾಗ ಮೈಟ್ರಲ್ ಕವಾಟ ತೀವ್ರವಾಗಿ ಕಿರಿದಾಗಿತ್ತು.

ಬಸುರಿನಲ್ಲಿ ದೇಹದ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದ ಕಿರಿದಾದ ಕವಾಟ ಅಷ್ಟು ರಕ್ತವನ್ನು ದಾಟಿಸಲಾರದು. ಮೈಟ್ರಲ್ ಸ್ಟೆನೋಸಿಸ್ ಹೆಂಗಸರಲ್ಲೇ ಹೆಚ್ಚು, ಅನೇಕರಲ್ಲಿ ಅದು ಪತ್ತೆಯಾಗುವುದೇ ಬಸುರಿನಲ್ಲಿ. ಖಾಲಾಗೆ ಬಲೂನ್ ಚಿಕಿತ್ಸೆ ಮಾಡಿದರು. ಅದೇ ರಾತ್ರಿ ಅವರು ಒಂದೇ ದಿಂಬಿನ ಮೇಲೆ ಮಲಗಿದರು ಎಂದು ಅಮ್ಮಿ ಇವತ್ತಿಗೂ ಹೇಳುತ್ತಾರೆ. ಮಗು ತಿಂಗಳು ತುಂಬಿ ಹುಟ್ಟಿತು. ಈಗ ನನ್ನ ಆ ತಮ್ಮ ಎಲ್‌ಕೆಜಿ ಓದುತ್ತಿದ್ದಾನೆ.

ಪರೀಕ್ಷೆ ಮತ್ತು ಚಿಕಿತ್ಸೆ

ಮೊದಲ ಪರೀಕ್ಷೆ ಸ್ಟೆಥೊಸ್ಕೋಪ್. 1816ರಲ್ಲಿ ಫ್ರಾನ್ಸಿನ ಡಾಕ್ಟರ್ ಲೆನೆಕ್ ಕಂಡುಹಿಡಿದ ಈ ಉಪಕರಣದಿಂದ ಲಬ್-ಡಬ್ ನಡುವೆ ಬರುವ ‘ಮರ್ಮರ’ ಎಂಬ ಹೆಚ್ಚುವರಿ ಸದ್ದು ಕೇಳುತ್ತದೆ. ಎಲ್ಲಾ ಮರ್ಮರವೂ ಕಾಯಿಲೆಯಲ್ಲ, ಆರೋಗ್ಯವಾಗಿರುವ ಅನೇಕ ಮಕ್ಕಳಲ್ಲೂ ಅದು ಇರುತ್ತದೆ. ಇಸಿಜಿ ಹೃದಯದ ತಾಳವನ್ನು ತೋರಿಸುತ್ತದೆ. ಆದರೆ ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ಕವಾಟ ಸರಿಯಿದೆ ಎಂದಲ್ಲ. ಕವಾಟವನ್ನು ಕಣ್ಣಾರೆ ತೋರಿಸುವುದು ಎಕೋ, ಅಂದರೆ ಹೃದಯದ ಸ್ಕ್ಯಾನ್. ಅದರಲ್ಲಿ ಸೂಜಿಯಿಲ್ಲ, ನೋವಿಲ್ಲ, ಬಸುರಿಯರಿಗೂ ಸುರಕ್ಷಿತ.

ತೊಂದರೆ ಕಡಿಮೆ ಇದ್ದರೆ ಮಾತ್ರೆ ಮತ್ತು ಕಾಲಕಾಲಕ್ಕೆ ಎಕೋ ಸಾಕು. ಕಿರಿದಾದ ಮೈಟ್ರಲ್ ಕವಾಟಕ್ಕೆ, ಅದು ತೀರಾ ಗಟ್ಟಿಯಾಗಿಲ್ಲದಿದ್ದರೆ, ಬಲೂನ್ ಚಿಕಿತ್ಸೆ ಇದೆ. ತೊಡೆಯ ಸಂದಿನ ರಕ್ತನಾಳದಿಂದ ತೆಳುವಾದ ಕೊಳವೆ ಕಳುಹಿಸಿ, ಕವಾಟದಲ್ಲಿ ಬಲೂನ್ ಉಬ್ಬಿಸಿ, ಅಂಟಿಕೊಂಡ ಎಸಳುಗಳನ್ನು ಬಿಡಿಸುತ್ತಾರೆ. ಎದೆ ಕೊಯ್ಯಬೇಕಾಗಿಲ್ಲ. ಜಪಾನಿನ ಡಾ. ಕಾಂಜಿ ಇನೋವೆ 1984ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಈ ಚಿಕಿತ್ಸೆಯಲ್ಲಿ ತಮ್ಮದೇ ಹೊಸ ವಿಧಾನ ರೂಪಿಸಿ ಹೆಸರಾದವರಲ್ಲಿ ಒಬ್ಬರು ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್. ಅವರು ನಮ್ಮದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನವರು.

ಬಲೂನಿನಿಂದ ಆಗದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಕವಾಟವನ್ನು ಸರಿಪಡಿಸುತ್ತಾರೆ, ಇಲ್ಲವೇ ಬದಲಾಯಿಸುತ್ತಾರೆ. ಹೊರದೇಶದ ಕವಾಟಗಳು ದುಬಾರಿಯಾಗಿದ್ದ ಕಾಲದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ನಮ್ಮ ದೇಶದಲ್ಲೇ ಕವಾಟ ತಯಾರಿಸಿ 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಗೆ ಅಳವಡಿಸಿದರು. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ನೆರವು ಇದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿಟ್ಟುಕೊಂಡು ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು.

ದಿನನಿತ್ಯದ ಎಚ್ಚರಿಕೆ

ರುಮ್ಯಾಟಿಕ್ ಜ್ವರ ಬಂದವರಿಗೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ಜ್ವರ ಮರಳದಂತೆ ತಡೆಯುವುದೇ ಇದರ ಕೆಲಸ. ಇದು ಐದು ವರ್ಷ, ಹತ್ತು ವರ್ಷ, ಕೆಲವರಿಗೆ 40 ವಯಸ್ಸಿನವರೆಗೂ ಬೇಕಾಗಬಹುದು. ನೋವಾಗುತ್ತದೆ, ಬಸ್ಸಿಗೆ ಕಾಸು ಬೇಕು, ಮೈ ಆರಾಮಾಗಿದೆ ಎಂದು ಅನೇಕರು ನಡುವೆ ಬಿಟ್ಟುಬಿಡುತ್ತಾರೆ. ಡಾಕ್ಟರನ್ನು ಕೇಳದೆ ಬಿಡಬಾರದು. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಖಾಲಾ ಇಂಜೆಕ್ಷನ್ ದಿನಕ್ಕೆ ನಾನೇ ಕೆಂಪು ಗುರುತು ಹಾಕಿ ಹಿಂದಿನ ದಿನ ಫೋನ್ ಮಾಡುತ್ತೇನೆ.

ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ಐಎನ್‌ಆರ್ ಎಂಬ ರಕ್ತಪರೀಕ್ಷೆ ತಪ್ಪಿಸಬಾರದು. ಈ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಾಗಿಲ್ಲ. ಆದರೆ ಒಂದು ವಾರ ದಿನವೂ ಮಸ್ಸೊಪ್ಪು, ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಎಂಬಂತೆ ಏರುಪೇರು ಆಗಬಾರದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ಕಡಿಮೆ ಮಾಡುತ್ತದೆ. ಹೆಣ್ಣುಮಕ್ಕಳು ಮದುವೆ, ಬಸುರಿನ ಯೋಚನೆ ಬಂದಾಗ ಮೊದಲೇ ಡಾಕ್ಟರಿಗೆ ತಿಳಿಸಬೇಕು, ಏಕೆಂದರೆ ಕೆಲವು ಮಾತ್ರೆಗಳನ್ನು ಬದಲಾಯಿಸಬೇಕಾಗುತ್ತದೆ.

ಹಲ್ಲು ಕೀಳಿಸುವ ಮೊದಲು ಕವಾಟದ ತೊಂದರೆ ಇದೆ ಎಂದು ದಂತವೈದ್ಯರಿಗೆ ಹೇಳಬೇಕು. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕವಾಟದಲ್ಲಿ ಕೂರಬಹುದು. ರಂಜಾನ್ ತಿಂಗಳಲ್ಲಿ ಉಪವಾಸ ಮಾಡುವ ಆಸೆ ಇರುವ ರೋಗಿಗಳು ಮುಂಚೆಯೇ ಡಾಕ್ಟರನ್ನು ಕೇಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ನೀರಿಲ್ಲದೆ ಇರುವುದು ಅಪಾಯವಾಗಬಹುದು. ಕಾಯಿಲೆಯವರಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ. ತಾವೇ ಮಾತ್ರೆ ನಿಲ್ಲಿಸಿ ಉಪವಾಸ ಹಿಡಿಯುವುದು ಸರಿಯಲ್ಲ.

ತಡ ಮಾಡಬಾರದ ಸಂದರ್ಭಗಳು

ಕುಳಿತಲ್ಲೇ ಉಸಿರು ಕಟ್ಟುವುದು, ಕಫದಲ್ಲಿ ರಕ್ತ, ಆಡುವಾಗ ಮೂರ್ಛೆ, ಎದೆಯಲ್ಲಿ ಭಾರ ಇಟ್ಟಂಥ ನೋವು, ಬಾಯಿ ಸೊಟ್ಟಗಾಗುವುದು ಅಥವಾ ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಕವಾಟದ ತೊಂದರೆ ಇರುವವರಿಗೆ ಕಾರಣ ತಿಳಿಯದ ಜ್ವರ ಒಂದು ವಾರ ಇಳಿಯದಿದ್ದರೂ ಆಸ್ಪತ್ರೆಗೆ ಹೋಗಬೇಕು.

ಉಳಿದವರು ಡಾಕ್ಟರ ಹತ್ತಿರ ಹೋಗುವ ಮೊದಲು ನಾಲ್ಕು ವಿಷಯ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಉಸಿರು ಹತ್ತುವುದು ಯಾವ ಕೆಲಸ ಮಾಡುವಾಗ? ಆರು ತಿಂಗಳ ಹಿಂದೆ ಅದೇ ಕೆಲಸ ಆರಾಮವಾಗಿ ಮಾಡುತ್ತಿದ್ದಿರಾ? ಎಷ್ಟು ದಿಂಬು ಬೇಕು? ಚಿಕ್ಕಂದಿನಲ್ಲಿ ಕೀಲು ಊದಿತ್ತೇ? ಕೊನೆಯ ಪ್ರಶ್ನೆಯನ್ನು ಮನೆಯ ಹಿರಿಯರನ್ನು ಕೇಳಿಯೇ ತಿಳಿಯಬೇಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರಲ್ಲಿ 18 ವರ್ಷದವರೆಗಿನ ಮಕ್ಕಳಲ್ಲಿ ಪತ್ತೆ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದಯದ ಕಾಯಿಲೆಯೂ ಇದೆ. ನಮ್ಮಲ್ಲಿ ಹಲವರು ಇನ್ನೂ ಆ ವಯಸ್ಸಿನವರೇ. ಈ ವರ್ಷ ಕಾಲೇಜಿನಲ್ಲಿ ಒಂದು ಹೃದಯ ತಪಾಸಣೆ ಶಿಬಿರ ಮಾಡಿಸಬೇಕೆಂದು ಪ್ರಾಂಶುಪಾಲರಿಗೂ ಜೀವಶಾಸ್ತ್ರ ವಿಭಾಗಕ್ಕೂ ವಿದ್ಯಾರ್ಥಿಗಳ ಪರವಾಗಿ ವಿನಂತಿಸುತ್ತೇನೆ. ಶಿಬಿರ ನಡೆದಾಗ ಹೆಣ್ಣುಮಕ್ಕಳ ತಪಾಸಣೆಗೆ ಪ್ರತ್ಯೇಕ ಕೋಣೆ ಮತ್ತು ಲೇಡಿ ಡಾಕ್ಟರ್ ಇದ್ದರೆ ಯಾರೂ ಸಂಕೋಚಪಟ್ಟು ಹಿಂದೆ ಉಳಿಯುವುದಿಲ್ಲ. ಅಲ್ಲಿಯವರೆಗೆ, ಗೆಳೆಯ ಗೆಳತಿಯರೇ, ಮನೆಯಲ್ಲಿ ಯಾರಾದರೂ ‘ಸ್ವಲ್ಪ ಸುಸ್ತು ಅಷ್ಟೇ’ ಎಂದು ಮೆಟ್ಟಿಲ ನಡುವೆ ನಿಂತರೆ, ಎಷ್ಟು ದಿನದಿಂದ ಹೀಗೆ ಎಂದು ಒಮ್ಮೆ ಕೇಳಿ ನೋಡಿ.